ಒರಟಾದ ಒಂದು ಕೀಲಿ

ಗಣಕಯಂತ್ರದಲ್ಲಿ ದಿನವೂ ಕನ್ನಡವನ್ನು ಬೆರಳಚ್ಚಿಸುವವರಿಗೆ ಕೀಲಿಮಣೆಯ ಕೀಲಿಗಳೆಲ್ಲವೂ ಸಮಾನವಲ್ಲ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿ, ನುಡಿ ತಂತ್ರಾಂಶದ ಮೂಲಕ ನಾಡಿಗೆಲ್ಲ ಪರಿಚಿತವಾದ ವಿನ್ಯಾಸದಲ್ಲಿ ಒತ್ತಕ್ಷರಗಳು ‘ಎಫ್’ ಕೀಲಿಯ ನೆರವಿನಿಂದಲೇ ಮೂಡತಕ್ಕವಾದುದರಿಂದ, ‘ಅಕ್ಕ’ ಎಂದು ಬರೆಯಲು ಒಂದು ಸಲ, ‘ರಾಷ್ಟ್ರ’ ಎಂದು ಬರೆಯಲು ಎರಡು ಸಲ ಎಡಗೈಯ ತೋರುಬೆರಳು ಅದನ್ನು ಒತ್ತಲೇಬೇಕು. ನನ್ನ ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಆ ಕೀಲಿಯೇ ಒರಟಾಯಿತು. ಅಕ್ಷರವೇನೋ ತಪ್ಪದೆ ಮೂಡುತ್ತಿದ್ದಿತು; ಆದರೆ ಕೀಲಿ ಇಳಿಯುವಾಗ ಮರಳ ಕಣವೊಂದರ ಮೇಲೆ ಉಜ್ಜಿದಂತಹ ಸ್ಪರ್ಶ ಬೆರಳಿಗೆ ತಿಳಿಯುತ್ತಿದ್ದಿತು.

ಇಂತಹ ದೋಷಕ್ಕೆ ಎಲ್ಲರೂ ಹೇಳುವ ಪ್ರಥಮ ಚಿಕಿತ್ಸೆ ಸ್ನೇಹಲೇಪನ, ಎಂದರೆ ಗ್ರೀಸ್ ಹಚ್ಚುವುದು. ಅದು ಕೊನೆಯದಾಗಿರಬೇಕೆಂಬುದೇ ನಾನು ಈ ಅನುಭವದಿಂದ ಕಲಿತ ಪಾಠ. 1980ರ ದಶಕದಲ್ಲಿ ಚೆರ್ರಿ ಸಂಸ್ಥೆ ಬಳಕೆಗೆ ತಂದ ಎಂಎಕ್ಸ್ ಮಾದರಿಯ ಸ್ವಿಚ್ಚಿನಲ್ಲಿ ಮೇಲೊಂದು ಕೆಳಗೊಂದು ಕವಚ, ಅವುಗಳ ನಡುವೆ ಸ್ಪ್ರಿಂಗಿನ ಮೇಲೆ ಕುಳಿತು ಇಕ್ಕೆಲದ ಹಳಿಗಳಲ್ಲಿ ಜಾರುವ ಪ್ಲಾಸ್ಟಿಕ್ ಕಾಂಡ, ಪಕ್ಕದಲ್ಲಿ ವಿದ್ಯುತ್ಸಂಪರ್ಕದ ಲೋಹಪತ್ರ ಇರುತ್ತವೆ. ಕೀಲಿಯ ಚಲನೆ ಒಟ್ಟು 4 ಮಿಲಿಮೀಟರ್; 2 ಮಿಲಿಮೀಟರ್ ಇಳಿಯುವಷ್ಟರಲ್ಲಿ ಅಕ್ಷರ ಮೂಡುತ್ತದೆ. ಇಷ್ಟು ಕಿರಿದಾದ ಚಲನೆಯಲ್ಲಿಯೂ ಘರ್ಷಣೆಗೆ ಅನೇಕ ಆಶ್ರಯಸ್ಥಾನಗಳಿರುವುದರಿಂದ, ನಿರಪರಾಧಿಗಳನ್ನು ಒಂದೊಂದಾಗಿ ಬಿಡುಗಡೆ ಮಾಡುತ್ತ ಹೋಗುವುದೇ ಯುಕ್ತವಾದ ಮಾರ್ಗ.

ಮೊದಲು ಕೀಲಿಯನ್ನು ನಡುವಿನಲ್ಲಿ, ಅನಂತರ ಅಂಚಿನಲ್ಲಿ ಒತ್ತಿ ನೋಡಿದೆನು. ಅಂಚಿನಲ್ಲಿ ಒತ್ತಿದಾಗ ಕಾಂಡ ವಾಲುವುದರಿಂದ ಒಳ್ಳೆಯ ಸ್ವಿಚ್ಚೂ ಕೊಂಚ ಉಜ್ಜುತ್ತದೆ. ನಡುವಿನಲ್ಲಿಯೂ ಉಜ್ಜಿದುದರಿಂದ ದೋಷ ನಿಜವೆಂದು ತಿಳಿಯಿತು. ತರುವಾಯ ಕೇಬಲನ್ನು ಕಳಚಿ, ಮೇಲಿನ ಟೊಪ್ಪಿಯನ್ನು ತೆಗೆದು ಬರಿಯ ಕಾಂಡವನ್ನೇ ಒತ್ತಿದಾಗಲೂ ಒರಟುತನ ಉಳಿಯಿತಾಗಿ, ಟೊಪ್ಪಿಯು ನೆರೆಯದಕ್ಕೆ ತಾಗುತ್ತಿರಬಹುದೆಂಬ ಶಂಕೆ ನಿವಾರಣೆಯಾಯಿತು. ನನ್ನ ಕೀಲಿಮಣೆಯಲ್ಲಿ ಬೆಸುಗೆಯಿಲ್ಲದೆ ಸ್ವಿಚ್ಚುಗಳನ್ನು ಕೀಳುವ ಅನುಕೂಲವಿದ್ದುದರಿಂದ, ಒರಟಾದ ಸ್ವಿಚ್ಚನ್ನು, ಅಪರೂಪಕ್ಕೆ ಬಳಸುವ ‘ಸ್ಕ್ರಾಲ್ ಲಾಕ್’ ಸ್ವಿಚ್ಚಿನೊಡನೆ, ಕೆಳಗಿನ ಸಣ್ಣ ಪಿನ್ನುಗಳು ಬಾಗದಂತೆ ನೇರವಾಗಿ ಇಳಿಸಿ, ಸ್ಥಳ ಬದಲಿಸಿದೆನು. ಒರಟುತನವೂ ಸ್ವಿಚ್ಚಿನೊಡನೆಯೇ ಹೊರಟುಹೋಯಿತು. ಅಲ್ಲಿಗೆ ಸ್ವಿಚ್ಚುಗಳು ಕೂರುವ ಕೀಲಿಮಣೆಯ ತಗಡು ನಿರ್ದೋಷಿಯೆಂದಾಯಿತು.

ಸ್ವಿಚ್ಚಿನ ಕೊಂಡಿಗಳನ್ನು ಮೆಲ್ಲನೆ ಅಗಲಿಸಿ ತೆರೆದಾಗ, ಕಾಂಡದ ಒಂದು ಬದಿಯ ಹಳಿಗೆ ಬಟ್ಟೆಯ ನವಿರಾದ ನಾರೊಂದು ಬೂದುಬಣ್ಣದ ಧೂಳನ್ನು ಸುತ್ತಿಕೊಂಡು ಅಂಟಿದುದು ಕಂಡುಬಂದಿತು. ಲೇಪನವನ್ನೇ ಮೊದಲು ಹಚ್ಚಿದ್ದ ಪಕ್ಷದಲ್ಲಿ ಈ ಧೂಳು ಅದರೊಡನೆ ಕಲಸಿ, ದೋಷವು ಕೆಲವು ಕಾಲ ಮರೆಯಾಗಿದ್ದು, ಮತ್ತಷ್ಟು ಮೊಂಡಾಗಿ ಮರಳುತ್ತಿದ್ದಿತು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹಳಿಗಳನ್ನು ಒರೆಸಿ, ಚೆನ್ನಾಗಿ ಆರಿದ ಮೇಲೆ, ಕ್ರೈಟಾಕ್ಸ್ 205 ಎಂಬ ಗ್ರೀಸನ್ನು ಸಣ್ಣ ಕುಂಚದಿಂದ, ಹಳಿಯ ಬಣ್ಣ ಮಸುಕಾಗದಷ್ಟು ತೆಳುವಾಗಿ ಹಚ್ಚಿದೆನು. ಲೋಹಪತ್ರಕ್ಕೆ ಅದನ್ನು ಸೋಕಿಸತಕ್ಕದ್ದಲ್ಲ. ಒತ್ತುವಾಗ ಸಣ್ಣ ಉಬ್ಬೊಂದನ್ನು ದಾಟಿದ ಅನುಭವ ಕೊಡುವ ಸ್ವಿಚ್ಚುಗಳಲ್ಲಿ ಕಾಂಡದ ಕಾಲುಗಳನ್ನೂ ಬಿಟ್ಟುಬಿಡಬೇಕು, ಇಲ್ಲವಾದರೆ ಆ ಸ್ಪಷ್ಟತೆಯೇ ಮಾಯವಾಗುತ್ತದೆ.

ಸ್ವಿಚ್ಚುಗಳನ್ನು ಬೆಸೆದಿರುವ ಕೀಲಿಮಣೆಗಳಲ್ಲಿ ಅದಲುಬದಲು ಸುಲಭವಲ್ಲವಾದುದರಿಂದ, ಮೊದಲೆರಡು ಪರೀಕ್ಷೆಗಳನ್ನು ಇನ್ನಷ್ಟು ತಾಳ್ಮೆಯಿಂದ ಮಾಡಬೇಕು. ಸ್ಪೇಸ್‌ಬಾರ್, ಎಂಟರ್ ಮೊದಲಾದ ಉದ್ದನೆಯ ಕೀಲಿಗಳಲ್ಲಿ ಸಮತೋಲದ ತಂತಿಯೊಂದು ಇರುವುದರಿಂದ ಶಂಕೆಗೆ ಪಾತ್ರವಾಗುವ ಸ್ಥಾನ ಒಂದು ಹೆಚ್ಚು. ಶೋಧನೆಯ ಕ್ರಮ ಮಾತ್ರ ಇದೇ.