ಸಂಯೋಜಿತ ಪ್ಲಾಸ್ಟಿಕ್ ಮತ್ತು ಮರುಬಳಕೆಯ ಮಿತಿ

ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಕಂಚಿನದು. ಲೋಹಗಳ ಪ್ರಮಾಣವನ್ನು ಸರಿದೂಗಿಸಿಕೊಂಡರೆ ಕಂಚನ್ನು ಎಷ್ಟು ಸಲ ಕರಗಿಸಿ ಎರೆದರೂ ಅದು ಕಂಚಾಗಿಯೇ ಉಳಿಯುವುದು. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಕೆಲಸ ಮುಗಿಸಿದ ಹನಿ ನೀರಾವರಿಯ ಕೊಳವೆಗಳಿಗೂ ಇದೇ ಭಾಗ್ಯವುಂಟೇ? ಇಲ್ಲವೆಂದೇ ವಿಜ್ಞಾನದ ಉತ್ತರ.

ಪ್ಲಾಸ್ಟಿಕ್ಕಿನ ಬಲವು ಅದರ ಉದ್ದವಾದ ಅಣುಸರಪಳಿಗಳಲ್ಲಿದೆ. ಶಾಖ, ಆಮ್ಲಜನಕ ಹಾಗೂ ಯಂತ್ರದ ಒತ್ತಡಗಳಿಗೆ ಸಿಕ್ಕಿ ಪ್ರತಿ ಕರಗುವಿಕೆಯಲ್ಲಿಯೂ ಕೆಲವು ಸರಪಳಿಗಳು ತುಂಡಾಗುತ್ತವೆ. ಪಾಲಿಥೀನಿನಲ್ಲಿ ಕೆಲವು ಒಂದಕ್ಕೊಂದು ಹೆಣೆದುಕೊಳ್ಳುವುದೂ ಉಂಟು. ಬಿಸಿಲಿನಿಂದ ಕಾಪಾಡಲೆಂದು ಕೊಳವೆಗೆ ಶೇಕಡಾ 2ರಷ್ಟು ಇಂಗಾಲದ ಮಸಿಯನ್ನು ಬೆರೆಸಿರುತ್ತಾರೆ. ಆದರೂ ವರ್ಷಗಟ್ಟಲೆ ಬಿಸಿಲುಂಡ ಕೊಳವೆಯು ಕುಲುಮೆಗೆ ಹೋಗುವ ಮುನ್ನವೇ ತನ್ನ ಕಸುವನ್ನಷ್ಟು ಕಳೆದುಕೊಂಡಿರುತ್ತದೆ.

ಸಂಯೋಜಿತ ಪ್ಲಾಸ್ಟಿಕ್ಕಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹೊಟ್ಟು ಕಲಸಿ ಬಿರುಕನ್ನು ತಡೆದಂತೆ, ಇಲ್ಲಿ ಪ್ಲಾಸ್ಟಿಕ್ಕಿಗೆ ಗಾಜಿನ ಅಥವಾ ನಾರಿನ ಎಳೆಗಳನ್ನು ಬೆರೆಸುತ್ತಾರೆ. ಭಾರವನ್ನು ಹೊರುವುದು ಎಳೆ; ಅದನ್ನು ಎಳೆಗೆ ಮುಟ್ಟಿಸುವುದು ಪ್ಲಾಸ್ಟಿಕ್. ಮರುಬಳಕೆಯ ಯಂತ್ರದ ತಿರುಪಿನಲ್ಲಿ ನುರಿದು ಎಳೆಯು ಚಿಕ್ಕದಾಗುತ್ತ ಹೋಗುತ್ತದೆ. ಅದು ಒಂದು ಮಿತಿಗಿಂತ ಮೊಟಕಾದಾಗ ಭಾರವನ್ನು ಹೊರಲಾರದೆ ಪ್ಲಾಸ್ಟಿಕ್ಕಿನಿಂದ ಕಿತ್ತುಬರುತ್ತದೆ. ಆಗ ವಸ್ತುವಿನ ಬಿಗುವೂ ಪೆಟ್ಟು ತಾಳುವ ಶಕ್ತಿಯೂ ಕುಂದುತ್ತವೆ. ಗಿಡಮರಗಳ ನಾರು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಪ್ಪಾಗಿ ಕೆಡತೊಡಗುವುದು. ಆದರೆ ಮೊದಲ ಒಂದೆರಡು ಸುತ್ತುಗಳಲ್ಲಿ ಅಂಥ ನಾರು ಇನ್ನೂ ಸಮವಾಗಿ ಹರಡಿಕೊಂಡು ಗುಣವು ತುಸು ಸುಧಾರಿಸಲೂಬಹುದು. ಆದ್ದರಿಂದ ಹಾನಿಯು ಎಲ್ಲೆಡೆಯೂ ಒಂದೇ ಅಳತೆಯದಲ್ಲ.

ಹೊಸ ಪ್ಲಾಸ್ಟಿಕ್ಕನ್ನು ಕೊಂಚ ಬೆರೆಸುವುದು, ಉತ್ಕರ್ಷಣವನ್ನು ತಡೆಯುವ ದ್ರವ್ಯವನ್ನು ಕೂಡಿಸುವುದು, ಎಳೆಗೂ ಪ್ಲಾಸ್ಟಿಕ್ಕಿಗೂ ಬೆಸುಗೆಯಾಗುವ ವಸ್ತುವನ್ನು ಬಳಸುವುದು ಇದಕ್ಕಿರುವ ಉಪಾಯಗಳು. ಇವು ಸವಕಳಿಯನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸಲಾರವು. ಒಮ್ಮೆ ಒತ್ತಡವನ್ನು ತಾಳಿದ ವಸ್ತುವು ಮುಂದಿನ ಸುತ್ತಿನಲ್ಲಿ ಹಗುರಾದ ಕೆಲಸಕ್ಕೆ ಇಳಿಯುವುದು ಸಹಜ.

ಹೀಗಿರುವುದರಿಂದ ಮರುಬಳಕೆಯ ಯಶಸ್ಸು ಕಾರ್ಖಾನೆಯಲ್ಲಿ ಅಲ್ಲ, ತೋಟದ ಬದುವಿನಲ್ಲಿಯೇ ನಿರ್ಧಾರವಾಗುತ್ತದೆ. ಕೊಳವೆಯ ಮಣ್ಣನ್ನು ತೊಳೆದು, ಗಾಜಿನ ಎಳೆಯುಳ್ಳ ಬಿಡಿಭಾಗಗಳನ್ನು ಬೇರ್ಪಡಿಸಿ, ಸುಡದೆ ಒಪ್ಪಿಸಿದ ರೈತನು ಆ ವಸ್ತುವಿಗೆ ಇನ್ನೊಂದು ಆಯುಷ್ಯವನ್ನು ಕೊಟ್ಟಂತೆಯೇ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೂ ಮೂಲದಲ್ಲಿಯೇ ವಿಂಗಡಿಸುವುದನ್ನು ಒತ್ತಿಹೇಳುತ್ತವೆ. ಪ್ರತಿ ಸುತ್ತಿಗೂ ಗುಣವು ಕುಂದುವ ವಸ್ತುವನ್ನು ಮೊದಲ ಬಳಕೆಯಲ್ಲಿಯೇ ದೀರ್ಘಕಾಲ ಬಾಳಿಸುವುದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ಕಾಯಕದಿಂದ ಗಳಿಸಿದ್ದನ್ನು ಪೋಲು ಮಾಡಬಾರದೆಂಬ ಶರಣರ ನಾಡಿನ ಮಕ್ಕಳಿಗೆ ಈ ಪಾಠವು ಹೊಸದೇನಲ್ಲ. ಅದನ್ನು ಪ್ರಯೋಗಶಾಲೆಯ ಭಾಷೆಯಲ್ಲಿಯೂ ಅರಿತು ಆಚರಿಸುವುದು ಮಾತ್ರ ಉಳಿದಿದೆ.