ಮೊದಲು 200ಕ್ಕೆ ತನ್ನಿ

ಮನೆಯ ಬೀರುವಿನಲ್ಲಿ ಅಪ್ಪನದೋ ಚಿಕ್ಕಪ್ಪನದೋ ಹಳೆಯ ಫಿಲ್ಮ್ ಎಸ್‌ಎಲ್‌ಆರ್ ಕ್ಯಾಮೆರಾ ಸಿಕ್ಕಿದೆ, ಜೊತೆಗೊಂದು ಉದ್ದನೆಯ ಲೆನ್ಸೂ ಇದೆ ಎಂದರೆ ಅದು ಹೆಚ್ಚಾಗಿ 80–200 ಅಥವಾ 70–210 ಮಿ.ಮೀ. ಜೂಮ್ ಆಗಿರುತ್ತದೆ. ಸರಸ್ವತಿ ನಗರದಲ್ಲಿ ನನ್ನ ಬಳಿ ಕಲಿಯಲು ಬರುವವರಿಗೆ ನಾನು ಮೊದಲು ಕೈಗೆ ಕೊಡುವುದೂ ಇಂಥದ್ದನ್ನೇ. ಇದರಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ. ಅದಕ್ಕೇ ಕಲಿಕೆಗೆ ಇದು ಬಲು ಒಳ್ಳೆಯದು.

ಮೊದಲು ಲೆನ್ಸ್ ಆರೋಗ್ಯವಾಗಿದೆಯೇ ನೋಡಿ. ಅಪರ್ಚರ್ ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಇಣುಕಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್ ಹಿಡಿದಿದೆ. ನಾಲ್ಕಾರು ಧೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಚಿತ್ರಕ್ಕೆ ಅವು ಏನೂ ಮಾಡುವುದಿಲ್ಲ.

1970ರ ದಶಕದ ನಿಕಾನ್ 80–200 ಎಫ್/4.5 ಅನ್ನೇ ತೆಗೆದುಕೊಳ್ಳಿ. ಜೂಮಿಗೂ ಫೋಕಸ್ಸಿಗೂ ಒಂದೇ ಅಗಲವಾದ ರಿಂಗು. ಹಿಂದೆ ಮುಂದೆ ಸರಿಸಿದರೆ ಜೂಮ್, ತಿರುಗಿಸಿದರೆ ಫೋಕಸ್. ಇಲ್ಲಿ ಕ್ರಮ ಮುಖ್ಯ. ಮೊದಲು 200ಕ್ಕೆ ತನ್ನಿ, ಅಲ್ಲಿ ಫೋಕಸ್ ಮಾಡಿ, ಆಮೇಲೆ ಎಷ್ಟು ಅಗಲ ಬೇಕೋ ಅಲ್ಲಿಗೆ ಸರಿಸಿ. 200ರಲ್ಲಿ ವಸ್ತು ದೊಡ್ಡದಾಗಿ ಕಾಣುವುದರಿಂದ ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಬೀಳುತ್ತದೆ. 80ರಲ್ಲಿ ಅದು ಅಡಗಿಬಿಡುತ್ತದೆ. ವ್ಯೂಫೈಂಡರಿನ ನಡುವಿನ ವೃತ್ತದಲ್ಲಿ ಅರ್ಧ ಭಾಗ ಕಪ್ಪಾದರೆ ಗಾಬರಿಯಾಗಬೇಡಿ, ಕೆಟ್ಟಿಲ್ಲ. ಎಫ್/4.5ರಲ್ಲಿ ಬರುವ ಬೆಳಕು ಆ ವೃತ್ತಕ್ಕೆ ಸ್ವಲ್ಪ ಕಡಿಮೆ, ಅಷ್ಟೇ. ಕಣ್ಣನ್ನು ಸರಿಯಾಗಿ ನಡುವಿಗೆ ತನ್ನಿ. ಆಗಲೂ ಕಪ್ಪಾಗಿಯೇ ಇದ್ದರೆ ಸುತ್ತಲಿನ ಮಸುಕು ಗಾಜಿನ ಮೇಲೆ ಫೋಕಸ್ ಮಾಡಿ.

ಇನ್ನು ಅಭ್ಯಾಸಕ್ಕೆ ಹರಿಹರಕ್ಕೆ ಹೋಗೋಣ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರಲ್ಲಿ, ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪದ ಕಂಬಗಳಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹತ್ತಿರ ನಿಂತು 80ರಲ್ಲಿ ಒಂದು ಚಿತ್ರ ತೆಗೆಯಿರಿ. ಮುಂದಿನ ಕಂಬ ಅಷ್ಟೇ ದೊಡ್ಡದಾಗಿ ಕಾಣುವಷ್ಟು ಹಿಂದೆ ಸರಿದು 200ರಲ್ಲಿ ಇನ್ನೊಂದು. ಎರಡನೆಯದರಲ್ಲಿ ಹಿಂದಿನ ಕಂಬಗಳು ಮುಂದಿನದರ ಬೆನ್ನಿಗೇ ಬಂದು ನಿಂತಿರುತ್ತವೆ. ಲೆನ್ಸ್ ಅವನ್ನು ಎಳೆದು ತಂದಿತು ಎಂದು ಬಹಳ ಜನ ನಂಬುತ್ತಾರೆ. ಅಲ್ಲ, ನೀವು ನಿಂತ ದೂರ ಬದಲಾಯಿತು, ಅದಕ್ಕೇ ಹಾಗೆ ಕಾಣುತ್ತದೆ. ಲೆನ್ಸ್ ಮಾಡಿದ್ದು ಆ ದೂರದ ನೋಟದಿಂದ ಒಂದು ತುಂಡನ್ನು ಕತ್ತರಿಸಿ ಕೊಟ್ಟದ್ದು ಮಾತ್ರ. ಈ ಒಂದು ಸಂಗತಿ ತಲೆಗೆ ಹೋದರೆ, ಜೂಮ್ ಸರಿಸುವ ಮೊದಲು ಕಾಲು ಎಲ್ಲಿ ಊರಬೇಕು ಎಂದು ಯೋಚಿಸುತ್ತೀರಿ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿಯಬೇಕು. 200ರಲ್ಲಿ ಶಟರ್ 1/250ಕ್ಕಿಂತ ಕೆಳಗಿಳಿಸಬೇಡಿ. ಎಡ ಅಂಗೈ ಲೆನ್ಸಿನ ಅಡಿಗೆ, ಮೊಣಕೈ ಎದೆಗೆ ಒತ್ತಿರಲಿ. ಮಂಟಪದ ನೆರಳಿಗೆ 400ರ ರೀಲು ಹಾಕಿ. ಪ್ರತಿ ಫ್ರೇಮಿನ ಜೂಮ್, ಅಪರ್ಚರ್, ಶಟರ್ ಮೂರನ್ನೂ ಅಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಿ, ಫಿಲ್ಮ್ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ರೀಲು ತೊಳೆದು ಬಂದ ಮೇಲೆ ನೆಗೆಟಿವ್ ಜೊತೆಗೆ ಆ ಪುಸ್ತಕವನ್ನೂ ತನ್ನಿ, ಒಟ್ಟಿಗೆ ಕೂತು ನೋಡೋಣ.