'ಬ್ರಾಡ್‌ಕಾಸ್ಟ್' ಮತ್ತು 'ಬಿತ್ತರ': ಒಂದು ಅರ್ಥವಿಚಾರ

ರೇಡಿಯೋ, ದೂರದರ್ಶನಗಳ ಸಂದರ್ಭದಲ್ಲಿ ಬಳಕೆಯಾಗುವ ಇಂಗ್ಲಿಷಿನ 'ಬ್ರಾಡ್‌ಕಾಸ್ಟ್' ಪದಕ್ಕೆ ಕನ್ನಡದಲ್ಲಿ 'ಪ್ರಸಾರ', 'ಬಿತ್ತರ' ಎಂಬ ಎರಡು ಪದಗಳು ರೂಢಿಯಲ್ಲಿವೆ. ಇವುಗಳಲ್ಲಿ 'ಬಿತ್ತರ'ವು 'ಬಿತ್ತು' ಧಾತುವಿನಿಂದ ಬಂದ ಅಚ್ಚಗನ್ನಡ ಪದವೆಂದೂ, ಬೀಜ ಬಿತ್ತುವ ಅರ್ಥವುಳ್ಳ ಇಂಗ್ಲಿಷ್ ಪದಕ್ಕೆ ನೇರ ಸಂವಾದಿಯೆಂದೂ ಭಾವಿಸಲು ಅವಕಾಶವಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಇಂಗ್ಲಿಷ್ ಪದದ ಹಿನ್ನೆಲೆ

'ಬ್ರಾಡ್' ಎಂದರೆ ಅಗಲ. ಇದು ಹಳೆಯ ಇಂಗ್ಲಿಷಿನ ಪದ. 'ಕಾಸ್ಟ್' ಎಂದರೆ ಎಸೆ; ಇದು ಸ್ಕ್ಯಾಂಡಿನೇವಿಯದ ಪ್ರಾಚೀನ ನಾರ್ಸ್ ಭಾಷೆಯ 'ಕಸ್ತ' ಎಂಬುದರಿಂದ ಬಂದುದು. ಇವೆರಡೂ ಕೂಡಿದ ಸಮಾಸಪದವು 18ನೆಯ ಶತಮಾನದ ಕೃಷಿಬರಹಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೀಜವನ್ನು ಕೈಯಿಂದ ಹೊಲದ ತುಂಬ ಎರಚುವ ಪದ್ಧತಿಗೆ ಅದು ಹೆಸರಾಗಿತ್ತು. ಇಂಗ್ಲೆಂಡಿನ ಜೆತ್ರೋ ಟಲ್ 1701ರ ಸುಮಾರಿಗೆ ಕೂರಿಗೆಯಂತಹ ಯಂತ್ರವೊಂದನ್ನು ರೂಪಿಸಿ, ಸಾಲುಬಿತ್ತನೆಯನ್ನು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ್ದನು. ಸಾಲುಬಿತ್ತನೆ ಎದುರು ನಿಂತಾಗ ಹಳೆಯ ಪದ್ಧತಿಯನ್ನು ಬೇರೆ ಮಾಡಿ ಹೇಳುವ ಹೆಸರಿನ ಅಗತ್ಯ ಹೆಚ್ಚಿರಬೇಕು. ನಮ್ಮಲ್ಲಿಯೂ ಕೂರಿಗೆ ಬಿತ್ತನೆ ಒಂದು ಬಗೆ, ಚೆಲ್ಲುವುದು ಇನ್ನೊಂದು ಬಗೆ. ಭತ್ತದ ಸಸಿಮಡಿಗೆ ಮೊಳಕೆ ಬಂದ ಬೀಜವನ್ನು ಚೆಲ್ಲುತ್ತಾರೆಯೇ ಹೊರತು ಸಾಲಿಗೆ ಬಿಡುವುದಿಲ್ಲ.

ಸುದ್ದಿ, ವಿಚಾರಗಳನ್ನು ಎಲ್ಲೆಡೆ ಹರಡುವುದೆಂಬ ಲಾಕ್ಷಣಿಕ ಅರ್ಥವು ರೇಡಿಯೋಗಿಂತ ಬಹಳ ಮೊದಲೇ ಈ ಪದಕ್ಕೆ ಒದಗಿತ್ತು. 1920ರ ದಶಕದ ಆರಂಭದಲ್ಲಿ ಅದು ರೇಡಿಯೋದ ಪರಿಭಾಷೆಯಾಯಿತು. 1922ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಹೆಸರಿನಲ್ಲಿಯೇ ಅದು ಸೇರಿತು. ಅದಕ್ಕೆ ಮೊದಲು ನಿಸ್ತಂತು ಸಂದೇಶವನ್ನು ಮುಖ್ಯವಾಗಿ ಒಂದು ಕೇಂದ್ರದಿಂದ ಇನ್ನೊಂದು ಗೊತ್ತಾದ ಕೇಂದ್ರಕ್ಕೆ, ಅಂದರೆ ಸಾಲಿಗೆ ಬೀಜ ಬಿಟ್ಟಂತೆ, ಕಳುಹಿಸಲಾಗುತ್ತಿತ್ತು. ಯಾರು ಕೇಳುವರೆಂಬುದನ್ನು ಅರಿಯದೆಯೇ ಧ್ವನಿಯನ್ನು ಎಲ್ಲೆಡೆಗೆ ಎರಚುವ ಹೊಸ ಕ್ರಿಯೆಗೆ ರೈತನ ಮಾತು ತಕ್ಕುದಾಯಿತು.

2. ಕನ್ನಡದ ಪದಗಳು

'ಪ್ರಸಾರ'ದ ಮೂಲ ಸಂಸ್ಕೃತದ 'ಸೃ' ಧಾತು. ಚಲಿಸು, ಹರಿ ಎಂಬುದು ಅದರ ಅರ್ಥ. ಇಲ್ಲಿ ಮುಂದಕ್ಕೆ ಹರಿಯುವ ಚಿತ್ರವಿದೆ; ಎಸೆಯುವ ಕೈ ಇಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರಿನಲ್ಲಿರುವುದು ಪುರಾಣದ ಅಶರೀರವಾಣಿಯ ಕಲ್ಪನೆ.

ಇನ್ನು 'ಬಿತ್ತರ'. ಬೀಜ ಹಾಕು ಎಂಬ ಅರ್ಥದ 'ಬಿತ್ತು' ದ್ರಾವಿಡ ಧಾತು. ತಮಿಳು ಹಾಗೂ ತೆಲುಗಿನ 'ವಿತ್ತು' ಅದರ ಜ್ಞಾತಿಪದ. ಆದರೆ 'ಬಿತ್ತರ'ವು ಈ ಧಾತುವಿನಿಂದ ಹುಟ್ಟಿದುದಲ್ಲ. ಅದು ಸಂಸ್ಕೃತದ 'ವಿಸ್ತರ'ದ ತದ್ಭವ. ವಸತಿ-ಬಸದಿ, ವಿದ್ಯೆ-ಬಿಜ್ಜೆಗಳಲ್ಲಿ ಕಾಣುವ ವಕಾರ-ಬಕಾರ ವ್ಯತ್ಯಾಸವೂ, ಪುಸ್ತಕ-ಹೊತ್ತಗೆಯಲ್ಲಿ ಕಾಣುವ 'ಸ್ತ'-'ತ್ತ' ವ್ಯತ್ಯಾಸವೂ ಇಲ್ಲಿ ಒಟ್ಟಿಗೆ ನಡೆದಿವೆ. ಹಳಗನ್ನಡದ 'ಬಿತ್ತರಿಸು' ಎಂಬುದಕ್ಕೆ ವಿಸ್ತಾರವಾಗಿ ಹೇಳು ಎಂದೇ ಅರ್ಥ. ಆದ್ದರಿಂದ 'ಬಿತ್ತು' ಮತ್ತು 'ಬಿತ್ತರ'ಗಳ ನಂಟು ಧ್ವನಿಸಾಮ್ಯದಿಂದ ತೋರುವುದೇ ಹೊರತು ನಿಷ್ಪತ್ತಿಯಿಂದ ಸಿದ್ಧಿಸುವುದಿಲ್ಲ.

3. ಮೂಲದ ಇನ್ನೊಂದು ಮುಖ

ಇಷ್ಟರಿಂದ 'ಬಿತ್ತರ'ವು ಅನುಚಿತ ಪದವೆಂದು ತೀರ್ಮಾನಿಸಬೇಕಾಗಿಲ್ಲ. 'ವಿಸ್ತರ'ದಲ್ಲಿರುವ 'ಸ್ತೃ' ಧಾತುವಿಗೆ ಹರಡು, ಚೆಲ್ಲಿಹಾಸು ಎಂಬ ಅರ್ಥವಿದೆ. ಚೆಲ್ಲು ಎಂಬರ್ಥದ ಇಂಗ್ಲಿಷಿನ 'ಸ್ಟ್ರೂ' ಇದೇ ಇಂಡೋ-ಯುರೋಪಿಯನ್ ಮೂಲದ್ದು. ಅಲ್ಲದೆ ಪಾಣಿನಿಯ ಒಂದು ಸೂತ್ರದ (3-3-33) ಪ್ರಕಾರ ವಸ್ತುವಿನ ಹರಹಿಗೆ 'ವಿಸ್ತಾರ' ಎಂದೂ, ಶಬ್ದದ ಹರಹಿಗೆ 'ವಿಸ್ತರ' ಎಂದೂ ರೂಪಭೇದವುಂಟು. ಅಂದರೆ 'ಬಿತ್ತರ'ದ ಮೂಲಪದವು ಮಾತಿನ ಹರಹಿಗೇ ಮೀಸಲಾಗಿದ್ದುದು. ಬಾನುಲಿಯ ಸಂದರ್ಭಕ್ಕೆ ಇದಕ್ಕಿಂತ ಸಮರ್ಪಕವಾದ ವಂಶವನ್ನು ಅಪೇಕ್ಷಿಸುವಂತಿಲ್ಲ.

4. ಸಮಾರೋಪ

ಪದವೊಂದರ ಮೂಲವೂ ಭಾಷಿಕರ ಕಿವಿಗೆ ಅದು ಕೇಳಿಸುವ ಬಗೆಯೂ ಬೇರೆ ಬೇರೆ ಸಂಗತಿಗಳು. 'ಬಿತ್ತರಿಸು' ಎಂದಾಗ ಕನ್ನಡಿಗನಿಗೆ ಬಿತ್ತನೆಯ ನೆನಪಾಗುವುದು ಅರ್ಥಕ್ಕೆ ಒದಗಿದ ಲಾಭವೇ. ಆದರೆ ಅದನ್ನೇ ನಿಷ್ಪತ್ತಿಯೆಂದು ನಿಘಂಟಿನಲ್ಲಿ ಬರೆಯುವುದು ದೋಷ. ಇಂಗ್ಲಿಷಿನಲ್ಲಿಯೂ ಮೂಲಚಿತ್ರ ಮಸುಕಾಗಿದೆ. 2004ರಲ್ಲಿ ಕಾಣಿಸಿಕೊಂಡ 'ಪಾಡ್‌ಕಾಸ್ಟ್' ಪದದಲ್ಲಿ 'ಕಾಸ್ಟ್' ಉಳಿದಿದ್ದರೂ, ಅಲ್ಲಿ ಕೇಳುಗನೇ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಹೊಸ ಪದಗಳನ್ನು ರೂಪಿಸುವಾಗ ಹೊಲದ ಮಾತುಗಳಾದ ಚೆಲ್ಲು, ಎರಚು, ಹರಹುಗಳನ್ನು ಪರಿಶೀಲಿಸಬೇಕೆಂಬುದೂ, ತದ್ಭವವನ್ನು ತದ್ಭವವೆಂದೇ ಒಪ್ಪಿ ಬಳಸಬೇಕೆಂಬುದೂ ಈ ಅಧ್ಯಯನದಿಂದ ವಿದಿತವಾಗುತ್ತದೆ.